ಸೋಫಾ ಕೊಳ್ಳುವ ಮೊದಲು ಒಂದು ವಾರ ಜಗಲಿಯಲ್ಲಿ ಕುಳಿತು ನೋಡಿ

ಕೆಲವು ವರ್ಷಗಳ ಹಿಂದೆ ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಹಳೆಯ ಹಂಚಿನ ಮನೆಯನ್ನು ದುರಸ್ತಿ ಮಾಡಿಸಿದೆವು. ಗೋಡೆಗೆ ಹೊಸ ಬಣ್ಣ ಬಂತು. ಕಾವಿ ನೆಲ ಮತ್ತೆ ಹೊಳೆಯಿತು. ಇನ್ನು ಫರ್ನಿಚರ್ ಒಂದೇ ಬಾಕಿ ಅಂತ ಪೇಟೆಯ ಒಂದು ದೊಡ್ಡ ಅಂಗಡಿಗೆ ಹೋದೆವು. ಅಲ್ಲಿ ಎ.ಸಿ. ತಂಪು, ಬಿಳಿ ಬೆಳಕು, ನುಣ್ಣನೆಯ ಟೈಲ್ಸ್. ಆ ಬೆಳಕಿನಲ್ಲಿ ಕೆನೆ ಬಣ್ಣದ ಎಲ್ ಆಕಾರದ ಸೋಫಾ ಬಹಳ ಚಂದ ಕಂಡಿತು. ಅಲ್ಲೇ ದುಡ್ಡು ಕೊಟ್ಟು ಬಂದೆವು.

ಮನೆಗೆ ಬಂದ ಸೋಫಾ ಮುಂಬಾಗಿಲಿನಲ್ಲೇ ನಿಂತುಬಿಟ್ಟಿತು. ನಮ್ಮ ಹಳೆಯ ಬಾಗಿಲಿನ ಅಗಲ ಎರಡೂವರೆ ಅಡಿ. ಕಾಲು ಬಿಚ್ಚಿ, ಓರೆ ಮಾಡಿ, ಹೇಗೋ ಒಳಗೆ ಸೇರಿಸಿದರು. ಜುಲೈ ಬಂದಾಗ ಹಿಂದಿನ ಬಟ್ಟೆಗೆ ಬೂಷ್ಟು ಹಿಡಿಯಿತು. ಇದಕ್ಕಿಂತ ಬೇಸರದ ವಿಷಯ ಇನ್ನೊಂದು ಉಂಟು. ಅದರ ಮೇಲೆ ಯಾರೂ ಕೂರುತ್ತಲೇ ಇರಲಿಲ್ಲ. ಅತ್ತೆ ಜಗಲಿಯ ಬೆಂಚಿನಲ್ಲಿ, ಮಾವ ತಮ್ಮ ಆರಾಮ ಕುರ್ಚಿಯಲ್ಲಿ, ಮಕ್ಕಳು ನೆಲದ ಚಾಪೆಯಲ್ಲಿ. ಬಂದ ನೆಂಟರೂ ಜಗಲಿಯಲ್ಲೇ ಕುಳಿತು ಕಾಫಿ ಕುಡಿದು ಹೋಗುತ್ತಿದ್ದರು.

ನಾವು ಕೊಂಡದ್ದು ಅಂಗಡಿಯವರ ಮನೆಗೆ ಹೊಂದುವ ಸೋಫಾ ಅಂತ ಆಮೇಲೆ ಗೊತ್ತಾಯಿತು. ಆ ತಪ್ಪಿನಿಂದ ಕಲಿತದ್ದನ್ನು, ಮರಗೆಲಸದ ಆಚಾರಿಗಳ ಹತ್ತಿರ ಕೇಳಿ ತಿಳಿದದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ. ಹೊಸ ಮನೆ ಕಟ್ಟುವವರಿಗೂ ಹಳೆಯ ಮನೆ ಸರಿಮಾಡುವವರಿಗೂ ಇದು ಉಪಯೋಗಕ್ಕೆ ಬರಬಹುದು.

ಹೆಜ್ಜೆ 1: ಒಂದು ವಾರ ಏನೂ ಕೊಳ್ಳಬೇಡಿ, ಬರೆದಿಡಿ

ಇಂಟೀರಿಯರ್ ಮಾಡುವವರು ಮೊದಲು ಕೇಳುವ ಪ್ರಶ್ನೆ, ನಿಮಗೆ ಯಾವ ಸ್ಟೈಲ್ ಬೇಕು? ಮಾಡರ್ನ್, ಟ್ರೆಡಿಷನಲ್, ಮಿನಿಮಲ್ ಅಂತ ಒಂದಷ್ಟು ಹೆಸರು ಹೇಳಿ ಫೋನಿನಲ್ಲಿ ಫೋಟೋ ತೋರಿಸುತ್ತಾರೆ. ಆಗ ಉತ್ತರ ಹೇಳಲು ಹೋಗಬೇಡಿ. ಉತ್ತರ ನಿಮ್ಮ ಮನೆಯಲ್ಲೇ ಉಂಟು, ಹುಡುಕಲು ಒಂದು ವಾರ ಬೇಕು ಅಷ್ಟೇ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಬೆಳಗ್ಗೆ ಪೇಪರ್ ಓದುವುದು ಎಲ್ಲಿ? ಮಕ್ಕಳು ಹೋಂವರ್ಕ್ ಮಾಡುವುದು ಮೇಜಿನಲ್ಲೋ, ಅಡುಗೆಮನೆಯ ಬಾಗಿಲ ಹತ್ತಿರವೋ? ತೋಟದಿಂದ ಬಂದವರು ಮೊದಲು ಕೂರುವುದು ಎಲ್ಲಿ? ರಾತ್ರಿ ಊಟ ಎಲ್ಲರೂ ಒಟ್ಟಿಗೋ, ಒಬ್ಬೊಬ್ಬರಾಗಿಯೋ? ಒಗೆದ ಬಟ್ಟೆ ಮಡಚುವುದು ಯಾವ ಮಂಚದ ಮೇಲೆ? ಇದನ್ನೆಲ್ಲ ಬರೆಯಿರಿ. ಏಳು ದಿನ ಆದ ಮೇಲೆ ಓದಿದರೆ ನಿಮಗೇ ಆಶ್ಚರ್ಯ ಆಗುತ್ತದೆ. ನಮ್ಮ ಪಟ್ಟಿಯಲ್ಲಿ ಜಗಲಿ ಮೂವತ್ತು ಸಲ ಬಂದಿತ್ತು, ಚಾವಡಿಯ, ಅಂದರೆ ಒಳಗಿನ ಹಾಲ್‌ನ, ಸೋಫಾ ಎರಡೇ ಸಲ.

ಈಚೆಗಿನ ಮನೆಗಳಲ್ಲಿ ಜಗಲಿಯ ಬದಲು ಸಿಟೌಟ್ ಬಂದಿದೆ. ಆದರೆ ಅಭ್ಯಾಸ ಅದೇ. ಮಳೆ ನೋಡುತ್ತಾ ಕೂರುವುದು ನಮಗೆ ಬೇಕು. ಹಾಗಿರುವಾಗ ಜಾಸ್ತಿ ದುಡ್ಡು ಒಳಗಿನ ಹಾಲ್‌ಗೆ ಸುರಿದು, ಸಿಟೌಟಿಗೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕುವುದು ಸರಿಯಾ? ನೀವು ದಿನಕ್ಕೆ ಮೂರು ಗಂಟೆ ಕೂರುವ ಜಾಗಕ್ಕೆ ಮೊದಲು ಒಳ್ಳೆಯ ಬೆಂಚು ಮಾಡಿಸಿ.

ಇನ್ನೊಂದು ಪಟ್ಟಿಯೂ ಬೇಕು. ಮನೆಯಲ್ಲಿ ಈಗಾಗಲೇ ಇರುವ ವಸ್ತುಗಳಲ್ಲಿ ನಿಮಗೆ ಪ್ರೀತಿಯ ಐದನ್ನು ಆರಿಸಿ. ಅಜ್ಜಿಯ ಕಂಚಿನ ಗಿಂಡಿ ಇರಬಹುದು, ಭತ್ತ ತುಂಬಿಡುತ್ತಿದ್ದ ಹಳೆಯ ಮರದ ಪೆಟ್ಟಿಗೆ ಪತ್ತಾಯ ಇರಬಹುದು, ಗಲ್ಫಿನಿಂದ ಅಣ್ಣ ತಂದ ಗಾಜಿನ ಲೋಟಗಳ ಸೆಟ್ಟೇ ಇರಬಹುದು. ಐದನ್ನೂ ಒಂದು ಕಡೆ ಸಾಲಾಗಿ ಇಟ್ಟು ನೋಡಿ. ದಟ್ಟ ಬಣ್ಣ, ಭಾರ, ಕೆತ್ತನೆ ಜಾಸ್ತಿ ಇದೆಯಾ? ತಿಳಿ ಬಣ್ಣ, ಸರಳ ಗೆರೆ ಇದೆಯಾ? ನಿಮ್ಮ ಸ್ಟೈಲ್ ಆ ಸಾಲಿನಲ್ಲೇ ಕಾಣುತ್ತದೆ. ಅಂಗಡಿಗೆ ಹೋಗುವಾಗ ಅದರ ಫೋಟೋ ಕೈಯಲ್ಲಿರಲಿ. ಕೊಳ್ಳುವ ವಸ್ತು ಆ ಐದರ ಪಕ್ಕದಲ್ಲಿ ಹೊಂದುತ್ತದಾ ಅಂತ ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಗಂಡ ಹೆಂಡತಿಯ ಪಟ್ಟಿ ಬೇರೆ ಬೇರೆ ಬರುವುದು ಸಹಜ. ನನಗೆ ಖಾಲಿ ಜಾಗ ಇಷ್ಟ, ನಮ್ಮವರಿಗೆ ಹಳೆಯ ಸಾಮಾನು ಇಷ್ಟ. ಒಂದೊಂದು ಕೋಣೆ ಒಬ್ಬೊಬ್ಬರ ಇಷ್ಟದಂತೆ ಇರಲಿ ಅಂತ ಹಂಚಿಕೊಂಡೆವು. ಚಾವಡಿ ಮಾತ್ರ ಇಬ್ಬರದ್ದು.

ಹೆಜ್ಜೆ 2: ಅಳೆಯಿರಿ, ನೆಲದ ಮೇಲೆ ಪೇಪರ್ ಹಾಸಿ

ಟೇಪು ಹಿಡಿದು ಮೊದಲು ಬಾಗಿಲು ಅಳೆಯಿರಿ. ಆಮೇಲೆ ಮೆಟ್ಟಿಲಿನ ತಿರುವು. ಕೋಣೆ ಕೊನೆಗೆ. ಕೋಣೆಯಲ್ಲಿ ಜಾಗ ಇದ್ದರೂ ಬಾಗಿಲು ದಾಟದಿದ್ದರೆ ಏನು ಪ್ರಯೋಜನ?

ಕೊಳ್ಳಬೇಕು ಅಂದುಕೊಂಡ ವಸ್ತುವಿನ ಉದ್ದ ಅಗಲಕ್ಕೆ ಹಳೆಯ ಪೇಪರ್ ಕತ್ತರಿಸಿ ನೆಲಕ್ಕೆ ಅಂಟಿಸಿ. ಎರಡು ದಿನ ಅದರ ಸುತ್ತ ಓಡಾಡಿ. ಕಾಲು ಪೇಪರಿಗೆ ತಾಗುತ್ತಿದ್ದರೆ ನಾಳೆ ಮಂಚದ ಮೂಲೆಗೂ ತಾಗುತ್ತದೆ.

ಕೆಲವು ಅಳತೆ ನೆನಪಿಟ್ಟುಕೊಂಡರೆ ಒಳ್ಳೆಯದು. ಊಟದ ಮೇಜಿನ ಎತ್ತರ 30 ಇಂಚು, ಕುರ್ಚಿಯ ಎತ್ತರ 18 ಇಂಚು. ಒಬ್ಬರಿಗೆ ಮೇಜಿನ ಬದಿಯಲ್ಲಿ 24 ಇಂಚು ಬೇಕು. ಕುರ್ಚಿ ಹಿಂದಕ್ಕೆ ಎಳೆದು ಏಳಲು, ಹಿಂದಿನಿಂದ ಒಬ್ಬರು ದಾಟಲು 3 ಅಡಿ ಬಿಡಬೇಕು. ಆರು ಜನರ ಮೇಜು 5 ಅಡಿ ಉದ್ದ, 3 ಅಡಿ ಅಗಲ ಅಂತ ಇಟ್ಟುಕೊಳ್ಳಿ. ನಾಲ್ಕೂ ಬದಿಗೆ 3 ಅಡಿ ಸೇರಿಸಿದರೆ ಕೋಣೆ 11 ಅಡಿಗೆ 9 ಅಡಿ ಆಗಲೇಬೇಕು. ಅಷ್ಟು ಇಲ್ಲದಿದ್ದರೆ ನಾಲ್ಕು ಜನರ ಮೇಜು ಮತ್ತು ಒಂದು ಬದಿಗೆ ಬೆಂಚು ಸಾಕು. ಬೆಂಚನ್ನು ಊಟ ಆದ ಮೇಲೆ ಮೇಜಿನ ಅಡಿಗೆ ತಳ್ಳಬಹುದು.

ಸೋಫಾದ ವಿಷಯದಲ್ಲಿ ಹಿರಿಯರನ್ನು ಕರೆದುಕೊಂಡು ಹೋಗಿ ಕೂರಿಸಿ ನೋಡಿ. ಈಗ ಬರುವ ಕೆಲವು ಸೋಫಾಗಳು 15 ಇಂಚಿಗಿಂತ ತಗ್ಗು, ಆಳ ಜಾಸ್ತಿ. ಮೊಣಕಾಲು ನೋವು ಇರುವವರಿಗೆ ಎದ್ದೇಳುವುದೇ ಕಷ್ಟ. 17ರಿಂದ 18 ಇಂಚು ಎತ್ತರ, ಹಿಡಿದು ಏಳಲು ಗಟ್ಟಿ ಕೈ ಇರುವ ಕುರ್ಚಿ ಅವರಿಗೆ ಬೇಕು. ನಮ್ಮ ಅತ್ತೆ ಸೋಫಾದಲ್ಲಿ ಕೂರದೇ ಇದ್ದದ್ದಕ್ಕೆ ಕಾರಣ ಇದೇ ಆಗಿತ್ತು. ಅವರು ಅದನ್ನು ಹೇಳಿದ್ದು ಎರಡು ವರ್ಷ ಆದ ಮೇಲೆ.

ನಮ್ಮ ಕಡೆಯ ಮನೆಗಳಿಗೆ ಇನ್ನೂ ಒಂದು ಲೆಕ್ಕ ಉಂಟು. ವರ್ಷಕ್ಕೆ ಎರಡು ಮೂರು ಸಲವಾದರೂ ಚಾವಡಿ ಪೂರ್ತಿ ಖಾಲಿ ಆಗಬೇಕು. ಪೂಜೆ ಇರುತ್ತದೆ, ನೆಲದಲ್ಲಿ ಸಾಲಾಗಿ ಕುಳಿತು ಬಾಳೆಎಲೆಯ ಊಟ ಇರುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ನಮಗೆ ಮನೆಯಲ್ಲಿ ಒಂದು ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನ, ಇಡುವ ಆಸೆಯೂ ಇರುತ್ತದೆ. ಆಗ ಎಲ್ ಸೋಫಾವನ್ನು ಎಲ್ಲಿ ಇಡುವುದು? ಅದಕ್ಕೇ ನಾನು ಈಗ ಏನೇ ಕೊಂಡರೂ ಒಂದು ಪ್ರಶ್ನೆ ಕೇಳುತ್ತೇನೆ, ಇಬ್ಬರು ಸೇರಿ ಇದನ್ನು ಎತ್ತಿ ಅಂಗಳಕ್ಕೆ ಇಡಲು ಆಗುತ್ತದಾ? ಆಗುವುದಿಲ್ಲ ಅಂದರೆ ಅದು ಚಾವಡಿಗೆ ಬೇಡ. ಬಿಡಿ ಕುರ್ಚಿ, ಬೆಂಚು, ಮಡಚುವ ಮೇಜು, ಸುತ್ತಿ ಇಡುವ ಚಾಪೆ ಇವೆಲ್ಲ ಈ ಪರೀಕ್ಷೆಯಲ್ಲಿ ಪಾಸ್.

ಹೆಜ್ಜೆ 3: ಮಳೆಯನ್ನು ಮನಸ್ಸಿನಲ್ಲಿಟ್ಟು ಮರ ಆರಿಸಿ

ಇದು ಎಲ್ಲಕ್ಕಿಂತ ದೊಡ್ಡ ಹೆಜ್ಜೆ. ಇಲ್ಲಿ ಅವಸರ ಮಾಡಬೇಡಿ.

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬರುತ್ತದೆ. ಆ ನಾಲ್ಕು ತಿಂಗಳು ಗಾಳಿಯಲ್ಲೇ ನೀರು ಇರುತ್ತದೆ. ಮರ ಆ ನೀರನ್ನು ಹೀರಿ ಅಗಲಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಅಷ್ಟಾಗಿ ಬದಲಾಗುವುದಿಲ್ಲ. ಮಳೆಗಾಲದಲ್ಲಿ ಮೇಜಿನ ಡ್ರಾಯರ್ ಸಿಕ್ಕಿಹಾಕಿಕೊಳ್ಳುವುದು, ಬೇಸಿಗೆಯಲ್ಲಿ ಹಲಗೆ ನಡುವೆ ಸಂದು ಬರುವುದು ಇದರಿಂದಲೇ.

ಹಲಸು ನಮ್ಮ ಊರಿನ ಮರ. ಹೊಸತರಲ್ಲಿ ಹಳದಿ, ವರ್ಷ ಕಳೆದಂತೆ ಕಂದು ಕೆಂಪಿಗೆ ತಿರುಗುತ್ತದೆ. ಚೇಗು, ಅಂದರೆ ಒಳಗಿನ ಗಟ್ಟಿ ಭಾಗಕ್ಕೆ ಗೆದ್ದಲು ಸುಲಭಕ್ಕೆ ಹಿಡಿಯುವುದಿಲ್ಲ. ಮದ್ದಳೆ, ಚೆಂಡೆ ಮಾಡುವುದೂ ಇದೇ ಮರದಲ್ಲಿ. ಹೊಸ ಹಲಸಿನ ಮಂಚ ನೋಡಿ, ಇದೇನು ಇಷ್ಟು ಹಳದಿ ಅಂತ ಕಡು ಪಾಲಿಶ್ ಹೊಡೆಸುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಣ್ಣವಿಲ್ಲದ ಪಾಲಿಶ್ ಹಾಕಿ ಕಾಯಿರಿ. ಕೆಲವು ವರ್ಷದಲ್ಲಿ ಬರುವ ಆ ಬಣ್ಣ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ.

ತೇಗದಲ್ಲಿ ಎಣ್ಣೆಯ ಅಂಶ ಉಂಟು. ಹಾಗಾಗಿ ನೀರು, ಹುಳ ಎರಡನ್ನೂ ತಡೆಯುತ್ತದೆ. ಬೆಲೆ ಜಾಸ್ತಿ. ಎಲ್ಲವನ್ನೂ ತೇಗದಲ್ಲೇ ಮಾಡಿಸಬೇಕು ಅನ್ನುವ ಹಟ ಬೇಡ. ಮಳೆಯ ಇರಿಚಲು ಬೀಳುವ ಜಾಗದ ಬೆಂಚಿಗೆ ತೇಗ ಇಡಿ. ಹೆಬ್ಬಲಸು ಕೂಡ ಗಟ್ಟಿ. ಮಾವು ಅಗ್ಗ, ಆದರೆ ಹುಳ ಬೇಗ ಹಿಡಿಯುತ್ತದೆ. ಒಣಗಿದ ಕೋಣೆಯ ಒಳಗಿನ ಸಾಮಾನಿಗೆ, ಔಷಧ ಹಾಕಿಸಿ ಬಳಸಬಹುದು. ಶೋರೂಮಿನಲ್ಲಿ ಸಿಗುವ ತಿಳಿ ಬಣ್ಣದ ರೆಡಿಮೇಡ್ ಡೈನಿಂಗ್ ಸೆಟ್ಟುಗಳಲ್ಲಿ ಹಲವು ರಬ್ಬರ್ ಮರದವು. ನೋಡಲು ನಯ. ಆದರೆ ರಬ್ಬರ್ ಮರಕ್ಕೆ ಬೂಷ್ಟು, ಕೊರೆಯುವ ಹುಳ ಎರಡೂ ಬರುತ್ತವೆ. ಬೋರಾಕ್ಸ್, ಬೋರಿಕ್ ಆಸಿಡ್ ದ್ರಾವಣವನ್ನು ಮರದ ಒಳಗೆ ಇಳಿಸಿ ಸಂಸ್ಕರಿಸಿದ್ದಾರಾ ಅಂತ ಕೇಳಿಯೇ ಕೊಳ್ಳಿ. ಮೇಜಿನ ಅಡಿಯಲ್ಲಿ ಸೂಜಿ ತೂತು, ನೆಲದಲ್ಲಿ ಹಿಟ್ಟಿನಂಥ ಪುಡಿ ಕಂಡರೆ ಅದನ್ನು ಮುಟ್ಟಬೇಡಿ.

ಇಲ್ಲಿನ ಮರದ ಮಿಲ್ಲುಗಳಲ್ಲಿ, ಅಂಗಡಿಗಳಲ್ಲಿ ಮಾತು ಮಲಯಾಳದಲ್ಲೇ ಜಾಸ್ತಿ. ಬಿಲ್ಲಿನಲ್ಲೂ ಹಾಗೇ ಬರೆಯುತ್ತಾರೆ. ಪ್ಲಾವ್ ಅಂದರೆ ಹಲಸು. ಮಾವ್ ಅಂದರೆ ಮಾವು. ಈಟ್ಟಿ ಅಂದರೆ ಬೀಟೆ. ಅಯಿನಿ ಅಥವಾ ಆಞ್ಞಿಲಿ ಅಂದರೆ ಹೆಬ್ಬಲಸು. ಕಾತಲ್ ಅಂದರೆ ಚೇಗು. ಮಾತಿನಲ್ಲಿ ಒಪ್ಪಿದ ಮರವೇ ಬಿಲ್ಲಿನಲ್ಲಿ ಉಂಟಾ ಅಂತ ನೋಡಿ. ಓದಲು ಬಾರದಿದ್ದರೆ ಮಕ್ಕಳ ಹತ್ತಿರ ಓದಿಸಿ. ಕೇಳಲು ಸಂಕೋಚ ಬೇಡ.

ತೋಟದ ಮರವನ್ನೇ ಕಡಿಸಿ ಮಾಡಿಸುವುದಾದರೆ, ಅದರಲ್ಲೂ ತೇಗ, ಬೀಟೆ ಆದರೆ, ಪರವಾನಗಿಯ ವಿಷಯ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಕೊಯ್ಸಿದ ಹಲಗೆಗಳನ್ನು ನೆರಳಿನಲ್ಲಿ, ಒಂದರ ಮೇಲೊಂದು, ನಡುವೆ ಸಣ್ಣ ಮರದ ಪಟ್ಟಿ (ರೀಪು) ಇಟ್ಟು ಪೇರಿಸಿ. ಗಾಳಿ ಆಡಬೇಕು. ಕನಿಷ್ಠ ಒಂದು ಬೇಸಿಗೆ ಹಾಗೇ ಬಿಡಿ. ಹಸಿ ಮರದಲ್ಲಿ ಮಾಡಿದ ಕಪಾಟಿನ ಬಾಗಿಲು ಮುಂದಿನ ಮಾರ್ಚ್‌ಗೆ ಡೊಂಕಾಗುತ್ತದೆ. ಆಗ ಆಚಾರಿಯನ್ನು ಬೈದು ಏನು ಬಂತು?

ಆಚಾರಿಗಳಿಗೆ ಎರಡು ಮಾತು ಮೊದಲೇ ಹೇಳಿಬಿಡಿ. ಡ್ರಾಯರ್‌ಗೆ ಸುತ್ತ ಒಂದು ನಾಣ್ಯ ತೂರುವಷ್ಟು ಸಂದು ಇರಲಿ. ಅಗಲದ ಮೇಜಿನ ಹಲಗೆಯನ್ನು ಸುತ್ತಲೂ ಮೊಳೆ ಹೊಡೆದು ಬಿಗಿಯಬೇಡಿ, ಅದಕ್ಕೆ ಸ್ವಲ್ಪ ಅಲುಗಾಡುವ ಜಾಗ ಬೇಕು. ಒಳ್ಳೆಯ ಆಚಾರಿಗೆ ಇದು ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆದರೂ ಹೇಳಿದರೆ ಅವರಿಗೂ ಖುಷಿ, ಈ ಮನೆಯವರಿಗೆ ಕೆಲಸದ ಬೆಲೆ ಗೊತ್ತು ಅಂತ.

ಪ್ಲೈವುಡ್ ಬಳಸುವುದಾದರೆ ಅಡುಗೆಮನೆಗೆ, ಸಿಂಕ್ ಕೆಳಗೆ, ಅಡುಗೆಮನೆಗೆ ತಾಗಿದ ವರ್ಕ್ ಏರಿಯಾಕ್ಕೆ ನೀರು ತಡೆಯುವ ಮರೀನ್ ಪ್ಲೈ ಬೇಕು. ಹಲಗೆಯ ಮೇಲೆ ಐಎಸ್ 710 ಅಂತ ಮುದ್ರೆ ಇರುತ್ತದೆ, ನೋಡಿ. ಪಾರ್ಟಿಕಲ್ ಬೋರ್ಡ್‌ಗೆ ನೀರು ತಾಗಿದರೆ ರಸ್ಕಿನ ಹಾಗೆ ಉಬ್ಬುತ್ತದೆ, ಮತ್ತೆ ಸರಿಯಾಗುವುದಿಲ್ಲ. ಉಪ್ಪಳ, ಮಂಜೇಶ್ವರದಂತೆ ಕಡಲಿಗೆ ಹತ್ತಿರ ಇರುವವರು ಕಬ್ಬಿಣದ ಮಂಚ, ಬಾಗಿಲಿನ ಕಬ್ಬಿಣದ ತಿರುಗಣಿ ಬಿಟ್ಟುಬಿಡಿ. ಉಪ್ಪುಗಾಳಿಗೆ ತುಕ್ಕು ಬರುತ್ತದೆ. ಹಿತ್ತಾಳೆ ಅಥವಾ ಒಳ್ಳೆಯ ಸ್ಟೀಲ್ ಹಾಕಿಸಿ.

ಸಾಮಾನಿನ ಕಾಲು ನೆಲದಿಂದ ಐದಾರು ಇಂಚು ಎತ್ತರ ಇರಲಿ. ಅಡಿಗೆ ಹಿಡಿಸೂಡಿ (ಪೊರಕೆ) ಹೋಗಬೇಕು, ಗೆದ್ದಲಿನ ಮಣ್ಣು ಕಣ್ಣಿಗೆ ಬೀಳಬೇಕು. ಹೊರಗೋಡೆಯಿಂದ ಮೂರು ಇಂಚು ದೂರ ಇಡಿ. ನಮ್ಮ ಮುರಕಲ್ಲಿನ (ಕೆಂಪು ಕಲ್ಲಿನ) ಗೋಡೆ ಮಳೆಗಾಲದಲ್ಲಿ ಬೆವರುತ್ತದೆ, ಅದಕ್ಕೆ ತಾಗಿಸಿ ಇಟ್ಟ ಕಪಾಟಿನ ಬೆನ್ನು ಬೂಷ್ಟು ಹಿಡಿಯದೇ ಇರುವುದಿಲ್ಲ.

ಹೆಜ್ಜೆ 4: ಬಣ್ಣವನ್ನು ನೆಲದಿಂದ ಶುರು ಮಾಡಿ

ಎಲ್ಲರೂ ಗೋಡೆಯ ಬಣ್ಣದಿಂದ ಶುರು ಮಾಡುತ್ತಾರೆ. ಗೋಡೆಯ ಬಣ್ಣ ನಾಳೆ ಬದಲಾಯಿಸಬಹುದು, ನೆಲದ್ದು ಆಗುವುದಿಲ್ಲ. ಹಾಗಾಗಿ ನೆಲ ನೋಡಿ.

ಕಾವಿ ನೆಲ ಇದ್ದರೆ ಅದೇ ಒಂದು ದೊಡ್ಡ ಕೆಂಪು ಚಿತ್ರ. ಅದರ ಮೇಲೆ ಕಡು ಕಂದು ಪಾಲಿಶ್ ಮಾಡಿದ ಸಾಮಾನು ತುಂಬಿದರೆ ಮಳೆಗಾಲದ ಮಧ್ಯಾಹ್ನ ಮನೆ ಗುಹೆಯ ಹಾಗೆ ಕಾಣುತ್ತದೆ. ಹಲಸಿನ ಹಳದಿ, ಬೆತ್ತದ ತಿಳಿ ಬಣ್ಣ, ಕೆನೆ ಬಣ್ಣದ ಗೋಡೆ ಇವು ಚಂದ ಒಪ್ಪುತ್ತವೆ. ಹಸಿರು ಕುಶನ್ ಒಂದೆರಡು ಸಾಕು, ಕಿಟಕಿಯ ಆಚೆ ಅಡಕೆ ತೋಟ ಇದ್ದೇ ಇದೆಯಲ್ವಾ. ಬಿಳಿ ಟೈಲ್ಸ್ ಇದ್ದವರಿಗೆ ಕಡು ಮರ ಧೈರ್ಯವಾಗಿ ಹಾಕಬಹುದು. ಒಂದು ಕೋಣೆಗೆ ಮೂರು ಬಣ್ಣ ಸಾಕು. ಒಂದು ಜಾಸ್ತಿ, ಒಂದು ಮಧ್ಯಮ, ಒಂದು ಚಿಟಿಕೆಯಷ್ಟು.

ಬಟ್ಟೆಗೆ ನಾವು ದೂರ ಹೋಗಬೇಕಾಗಿಲ್ಲ. ಪಕ್ಕದ ಕಣ್ಣೂರಿನ ಕೈಮಗ್ಗದ ಪರದೆ, ಬೆಡ್‌ಶೀಟುಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಉಂಟು. ನಮ್ಮದೇ ಕಾಸರಗೋಡು ಸೀರೆಗೂ ಉಂಟು. ಹತ್ತಿಯ ಈ ಸೀರೆ ಬಣ್ಣ ಬಿಡುವುದು ಕಮ್ಮಿ, ತಾಳಿಕೆ ಜಾಸ್ತಿ. ಅಮ್ಮನ ಹಳೆಯ ಕಾಸರಗೋಡು ಸೀರೆ ಪೆಟ್ಟಿಗೆಯ ತಳದಲ್ಲಿ ಸುಮ್ನೆ ಕೂತಿದ್ದರೆ ದರ್ಜಿಯ ಹತ್ತಿರ ಕುಶನ್ ಕವರ್ ಹೊಲಿಸಿ. ನಮ್ಮ ಚಾವಡಿಯಲ್ಲಿ ಈಗ ಅಂಥ ಆರು ಕುಶನ್ ಇವೆ. ಬಂದವರೆಲ್ಲ ಎಲ್ಲಿ ತೆಗೊಂಡಿದ್ದು ಅಂತ ಕೇಳುತ್ತಾರೆ.

ಪರದೆ, ಕವರ್ ಎಲ್ಲ ಬಿಚ್ಚಿ ಒಗೆಯುವ ಹಾಗೆ ಇರಲಿ. ಬಿಚ್ಚಲು ಆಗದ ದಪ್ಪ ಬಟ್ಟೆಯ ಸೋಫಾ ಇಲ್ಲಿಗೆ ಹೇಳಿದ್ದಲ್ಲ. ಲೆದರಿನ ಹಾಗೆ ಕಾಣುವ ಅಗ್ಗದ ರೆಕ್ಸಿನ್ ಕೂಡ ಸೆಕೆ, ತೇವ ಎರಡೂ ಸೇರಿದಾಗ ಕೆಲವೇ ವರ್ಷದಲ್ಲಿ ಸಿಪ್ಪೆ ಏಳುತ್ತದೆ. ಮರದ ಚೌಕಟ್ಟು, ಮೇಲೆ ಬಿಡಿ ಕುಶನ್ ಇರುವುದನ್ನು ಆರಿಸಿ. ಒಳಗಿನ ಫೋಮ್ 32 ಡೆನ್ಸಿಟಿಗಿಂತ 40 ಡೆನ್ಸಿಟಿಯದ್ದು ಬೇಗ ಕುಸಿಯುವುದಿಲ್ಲ. ದಿನಾ ಕೂರುವ ಕುರ್ಚಿಗೆ ಆ ಖರ್ಚು ಮಾಡಿ.

ನೆಲಕ್ಕೆ ಕಾರ್ಪೆಟ್ ಬೇಡವೇ ಬೇಡ. ಮುಂಡುಗದ ಎಲೆಯ ಚಾಪೆ ಸಿಕ್ಕಿದರೆ ತನ್ನಿ. ನೆಯ್ಯುವವರು ಕಡಿಮೆಯಾಗುತ್ತಿದ್ದಾರೆ. ಚೌಕಾಸಿ ಮಾಡದೆ ಕೊಳ್ಳಿ. ಬಾಗಿಲಿಗೆ ತೆಂಗಿನ ನಾರಿನ ಮ್ಯಾಟ್ ಸಾಕು.

ಹೆಜ್ಜೆ 5: ಬೆಳಕು

ಬಲ್ಬಿನ ಡಬ್ಬಿಯ ಮೇಲೆ ಕೆಲ್ವಿನ್ ಸಂಖ್ಯೆ ಇರುತ್ತದೆ. 2700ರಿಂದ 3000 ಅಂದರೆ ಹಳದಿ ಬೆಳಕು, ಮರ ಮತ್ತು ಕಾವಿ ನೆಲಕ್ಕೆ ಜೀವ ಬರುತ್ತದೆ. 6500 ಅಂದರೆ ಅಚ್ಚ ಬಿಳಿ, ಅಡುಗೆ ಕಟ್ಟೆಗೆ ಮತ್ತು ಓದುವ ಮೇಜಿಗೆ ಇಡಿ. ಹಂಚಿನ ಮನೆ ಕತ್ತಲೆ ಅನ್ನಿಸಿದರೆ ಮೊದಲು ಎರಡು ಗಾಜಿನ ಹಂಚು ಹಾಕಿಸಿ, ಆಮೇಲೆ ಬಲ್ಬಿನ ವಿಚಾರ.

ಹೆಜ್ಜೆ 6: ಅಲಂಕಾರ ಕೊನೆಗೆ, ನಿಧಾನಕ್ಕೆ

ಗೃಹಪ್ರವೇಶದ ದಿನಕ್ಕೇ ಗೋಡೆ ತುಂಬಬೇಕು ಅಂತ ಅವಸರದಲ್ಲಿ ಪ್ಲಾಸ್ಟಿಕ್ ಹೂ, ರೆಡಿಮೇಡ್ ಚಿತ್ರ ತರುತ್ತೇವೆ. ಗೋಡೆ ಖಾಲಿ ಇದ್ದರೆ ನಷ್ಟ ಏನಿಲ್ಲ. ಮೊದಲ ಹೆಜ್ಜೆಯಲ್ಲಿ ಆರಿಸಿದ ಆ ಐದು ವಸ್ತು ನೆನಪುಂಟಲ್ವಾ? ಅವುಗಳಿಗೆ ಒಳ್ಳೆಯ ಜಾಗ ಮಾಡಿಕೊಡಿ. ಕಂಚಿನ ಗಿಂಡಿ ಅಟ್ಟದಿಂದ ಇಳಿದು ಕಿಟಕಿಯ ಕಟ್ಟೆಗೆ ಬರಲಿ. ಭತ್ತ ಅಳೆಯುತ್ತಿದ್ದ ಸೇರು, ಕಳಸೆ ಇದ್ದರೆ ಅದರಲ್ಲಿ ಪೆನ್ನು, ಛತ್ರಿ ಇಡಿ. ಪತ್ತಾಯದ ಮೇಲೆ ದಪ್ಪ ಕುಶನ್ ಹಾಕಿದರೆ ಕೂರಲು ಆಯಿತು, ಒಳಗೆ ಹಾಸಿಗೆ ಇಡಲೂ ಆಯಿತು. ಗಲ್ಫಿನ ಗಾಜಿನ ಲೋಟಗಳನ್ನು ಶೋಕೇಸಿನಿಂದ ತೆಗೆದು ನೆಂಟರಿಗೆ ಶರಬತ್ತು ಕೊಡಿ. ಬಳಸುವ ವಸ್ತುವಿನ ಅಂದವೇ ಬೇರೆ.

ಯಕ್ಷಗಾನ ಇಷ್ಟ ಇರುವವರು ಗೋಡೆ ತುಂಬಾ ಸಣ್ಣ ಸಣ್ಣ ಮುಖವಾಡ ಹಾಕುವ ಬದಲು ನೀವೇ ನೋಡಿದ ಆಟದ ಒಂದು ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ ಹಾಕಿ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೆ ಸಣ್ಣ ರಬ್ಬರ್ ಗುಂಡಿ ಅಂಟಿಸಿದರೆ ಗೋಡೆಯ ತೇವ ಚಿತ್ರಕ್ಕೆ ತಾಗುವುದಿಲ್ಲ.

ಹೆಜ್ಜೆ 7: ಯಾವಾಗ, ಯಾವುದು ಮೊದಲು

ಎಲ್ಲ ಒಟ್ಟಿಗೆ ಕೊಳ್ಳಬೇಡಿ. ಮೊದಲು ಮಲಗುವುದಕ್ಕೆ, ಆಮೇಲೆ ಕೂರುವುದಕ್ಕೆ, ಆಮೇಲೆ ಉಣ್ಣುವುದಕ್ಕೆ. ಹಾಸಿಗೆಯಲ್ಲಿ ದುಡ್ಡು ಉಳಿಸಬೇಡಿ, ಟೀಪಾಯಿಯಲ್ಲಿ ಧಾರಾಳ ಉಳಿಸಿ. ಪಟ್ಟಿಯಲ್ಲಿ ಇಲ್ಲದ ವಸ್ತು ಅಂಗಡಿಯಲ್ಲಿ ಮನಸ್ಸು ಸೆಳೆದರೆ ಫೋಟೋ ತೆಗೆದು ಮನೆಗೆ ಬನ್ನಿ. ಹದಿನೈದು ದಿನ ಆದ ಮೇಲೂ ಬೇಕು ಅನ್ನಿಸಿದರೆ ಮತ್ತೆ ಹೋಗಿ.

ಮರದ ಕೆಲಸಕ್ಕೆ ಡಿಸೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಸಮಯ. ಮರ ಒಣಗಿರುತ್ತದೆ, ಪಾಲಿಶ್ ಬೇಗ ಹಿಡಿಯುತ್ತದೆ. ಆಟಿಯಲ್ಲಿ, ಅಂದರೆ ಜುಲೈ ಆಗಸ್ಟ್ ಹೊತ್ತಿಗೆ, ಅಂಗಡಿಗಳು ರಿಯಾಯಿತಿ ಹಾಕುತ್ತವೆ. ಹೋಗಿ ನೋಡಿ, ಕುಳಿತು ನೋಡಿ, ಅಳತೆ ಬರೆದುಕೊಳ್ಳಿ. ಆ ಮಳೆಯಲ್ಲಿ ಆಚಾರಿಗೆ ಮುಂಗಡ ಮಾತ್ರ ಕೊಡಬೇಡಿ.

ಇನ್ನು ಪ್ರತಿ ವರ್ಷದ ಕೆಲಸ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ ನಾವು ಕುಶನ್, ದಿಂಬು, ಬೆತ್ತದ ಕುರ್ಚಿ ಎಲ್ಲ ಅಂಗಳಕ್ಕೆ ತಂದು ಎರಡು ದಿನ ಬಿಸಿಲಿಗೆ ಹಾಕುತ್ತೇವೆ. ಕಪಾಟಿನ ಬೆನ್ನು ಒರೆಸಿ, ಗೋಡೆಯಿಂದ ಸರಿಸುತ್ತೇವೆ. ಮಂಚದ ಕಾಲಿನ ಅಡಿ ನೋಡುತ್ತೇವೆ. ಹಂಚಿನ ಕೆಳಗಿನ ಮರದ ಪಕಾಸಿಗೆ ಗೇರು ಸಿಪ್ಪೆಯ ಎಣ್ಣೆ ಹಚ್ಚಿಸುವುದೂ ಆಗಲೇ, ಅದು ಚರ್ಮ ಸುಡುತ್ತದೆ, ಗ್ಲೌಸ್ ಬೇಕೇ ಬೇಕು. ಆ ಕೆನೆ ಬಣ್ಣದ ಸೋಫಾದ ಬಟ್ಟೆಯನ್ನೆಲ್ಲ ಕಳೆದ ವರ್ಷ ಬಿಚ್ಚಿಸಿದೆವು. ಒಳಗಿನ ಚೌಕಟ್ಟು ಗಟ್ಟಿ ಇತ್ತು. ಆಚಾರಿ ಅದನ್ನು ಎರಡು ತುಂಡು ಮಾಡಿ, ಮೂರು ಇಂಚು ಎತ್ತರಿಸಿ, ಹಲಸಿನ ಕೈ ಕೂಡಿಸಿ ಕೊಟ್ಟರು. ಒಂದು ಬೆಂಚು ಈಗ ಜಗಲಿಯಲ್ಲಿದೆ. ಅತ್ತೆ ದಿನಾ ಸಂಜೆ ಅಲ್ಲೇ ಕುಳಿತು ಬತ್ತಿ ಹೊಸೆಯುತ್ತಾರೆ.